ಶಲ್ಯದ ಕೆಳಗಿನ ಕೈ

೯ ಜನವರಿ ೧೯೪೭, ಗುರುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮರಾಠಿ ಶಾಲೆಯಲ್ಲಿ ನಾಲ್ಕು ವರ್ಷ ಕೂತವನು ನಾನು. ಕನ್ನಡ ಅಕ್ಷರ ಅಪ್ಪ ಅಂಗಡಿಯ ಗಾದಿಯ ಮೇಲೆ ಕೂರಿಸಿಕೊಂಡು ತಿದ್ದಿಸಿದ್ದು. ಬಲಗೈಯಲ್ಲಿ ಬರೆದಾಗಲೂ ಚಂದ ಇರಲಿಲ್ಲ, ಈಗ ಕೋಳಿ ಕೆದರಿದ ಹಾಗಿದೆ. ಯಾರೂ ಓದುವುದಿಲ್ಲವಲ್ಲ, ಇರಲಿ.

ಬಲಗೈ ಮುಷ್ಟಿ ಕಟ್ಟಿ ಎರಡು ತಿಂಗಳಾಯಿತು. ತಮ್ಮ ಅಪ್ಪಣ್ಣ ಹರಿಪುರದ ಪೇವಿನಲ್ಲಿ, ಅರಿಷಿಣ ತುಂಬಿಡುವ ನೆಲದ ಕುಳಿಯಲ್ಲಿ, ಉಸಿರು ಕಟ್ಟಿ ತೀರಿಕೊಂಡ ದಿನ ಮುಚ್ಚಿದ್ದು, ಮತ್ತೆ ಬಿಚ್ಚಲಿಲ್ಲ. ಉಗುರು ಅಂಗೈಗೆ ನಾಟಬಾರದೆಂದು ಅವ್ವ ಅರಳೆಯ ಉಂಡೆ ತುರುಕಿಡುತ್ತಾಳೆ. ಮಿರಜದ ದವಾಖಾನೆಯಲ್ಲಿ ಎಲುಬಿನ ಫೋಟೊ ತೆಗೆದರು, ಸೂಜಿ ಚುಚ್ಚಿ ನೋಡಿದರು. ಎಲುಬು ಸರಿ, ನರ ಸರಿ. ಕೊನೆಗೆ ಡಾಕ್ಟರು ಪಡಸಾಲೆಯ ತುದಿಯ ಸಣ್ಣ ಕೋಣೆಗೆ ಕಳಿಸಿದರು. ಅಲ್ಲಿ ಔಷಧಿ ಇಲ್ಲ. ಎರಡು ಕುರ್ಚಿ, ಒಂದು ಗಡಿಯಾರ, ಬಳಪದಲ್ಲಿ ಬರೆಯುವ ಒಂದು ಪಾಟಿ.

ಅಲ್ಲಿ ಕೂರುವವರು ಮಂದಾಬಾಯಿ, ಮಿರಜದ ವಕೀಲ ಹಯಗ್ರೀವರಾಯರ ಮಗಳು. ಇಪ್ಪತ್ತೈದು ಇದ್ದೀತು. ಮುಂಬೈಯಲ್ಲಿ ಜನರ ಕಷ್ಟ ಕೇಳುವ ಕೆಲಸವನ್ನೇ ಕಲಿಸುವ ಶಾಲೆ ಇದೆಯಂತೆ. ಅಲ್ಲಿ ಕಲಿತು ಕೈಪಳಗಿಸಿಕೊಳ್ಳಲು ಬಂದಿದ್ದಾರೆ. ಕನ್ನಡ ತಡವರಿಸಿ ಆಡುತ್ತಾರೆ, ನಡುನಡುವೆ ಮರಾಠಿಗೆ ಜಾರುತ್ತಾರೆ.

"ಬಸಾ... ಕುಂದ್ರಿ ಕಾಕಾ. ನನಗ ಕನ್ನಡ ಎಲ್ಲಾ ತಿಳೀತದ. ಆಡ್ಲಿಕ್ಕೆ ಹೋದ್ರ ನಗು ಬರ್ತದ. ನೀವು ನಗಬ್ಯಾಡ್ರಿ."

ನಾನು ನಗಲಿಲ್ಲ. ಅವರು ಪಾಟಿಯ ಮೇಲೆ ಎಂಟು ಗೆರೆ ಎಳೆದರು.

"ಎಂಟು ಗುರುವಾರ. ನಾಲ್ಕರಿಂದ ಐದು. ಒಂಬತ್ತನೇದು ಇಲ್ಲ. ಫೆಬ್ರವರಿ ಇಪ್ಪತ್ತೆಂಟಕ್ಕ ನಾ ಮುಂಬೈ ಗಾಡಿ ಹತ್ತತೀನಿ."

"ಎಂಟರಾಗ ಕೈ ಬಿಚ್ಚತೈತೇನ್ರಿ?"

"ಗೊತ್ತಿಲ್ಲ. ಎಂಟರೊಳಗ ಎಲ್ಲಾ ದುಃಖ ಮುಗಿಯೂದಿಲ್ಲ, ಅದಂತೂ ಖರೆ. ಅದಕ್ಕ ಒಂದ ಕೆಲಸ ಆರಿಸೋಣು. ಕಡೀ ದಿನಕ್ಕ ನಿಮಗ ಏನು ಮಾಡ್ಲಿಕ್ಕೆ ಬರಬೇಕು?"

ಅರಿಷಿಣದ ಸೌದಾ ಮಾಡಲು ಬರಬೇಕು ಎಂದೆ. ನಮ್ಮ ಪೇಟೆಯಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರ ಬಲಗೈ ಮೇಲೆ ಶಲ್ಯ ಹಾಕಿ, ಅದರ ಕೆಳಗೆ ಬೆರಳು ಒತ್ತಿ ಹೇಳುತ್ತೇವೆ. ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಶಲ್ಯದ ಕೆಳಗೆ ಆದ ಮಾತು ತಿರುಗುವುದೂ ಇಲ್ಲ. ಬಾಯಿ ಸುಳ್ಳು ಹೇಳೀತು, ಕೈ ಹೇಳುವುದಿಲ್ಲ ಎಂದು ಅಪ್ಪ ಅನ್ನುತ್ತಿದ್ದ. ಮುಷ್ಟಿ ಕಟ್ಟಿದವನ ಜೊತೆ ಯಾರು ಸೌದಾ ಮಾಡುತ್ತಾರೆ?

ಅವರು ಬರೆದುಕೊಂಡರು. ಮೊದಲ ಗೆರೆ ಒರೆಸಿದರು. "ದಿನಾ ನಾಲ್ಕು ಸಾಲು ಬರೀರಿ. ನನಗೂ ತೋರಿಸಬ್ಯಾಡ್ರಿ" ಎಂದರು.

ಅಪ್ಪಣ್ಣನ ವಿಷಯ ಕೇಳಿದರು. ಕಂದೀಲಿನ ಎಣ್ಣೆ ತೀರಿತ್ತು ಎಂದು ಹೇಳಿದೆ.

೧೦ ಜನವರಿ

ಪೂಜೆಗೆ ಒಂದು ತಾಸು ಹಿಡಿಯಿತು. ಎಡಗೈಯಲ್ಲಿ ಲಿಂಗ, ಬಲಗೈ ಮುಷ್ಟಿ. ಮುಷ್ಟಿಯ ಬೆನ್ನಿನಿಂದ ವಿಭೂತಿ ಸವರಿದೆ. ಶಿವನಿಗೆ ಬೆನ್ನು ತೋರಿಸಿದ ಹಾಗೆ.

ಊಟಕ್ಕೆ ಸುನಂದಾ ಎಂದಿನಂತೆ ರೊಟ್ಟಿ ಮುರಿದು, ಚೂರು ಮಾಡಿ, ಪಲ್ಯದಲ್ಲಿ ಕಲಸಿ ಎಡಗೈ ಹತ್ತಿರ ಇಟ್ಟಳು. ಅಪ್ಪಣ್ಣನ ಹೆಂಡತಿ. ಇಪ್ಪತ್ತೆರಡು ವರ್ಷ. ಗಂಡನನ್ನು ಕಳೆದುಕೊಂಡವಳು ನನಗೆ ತುತ್ತು ಮಾಡಿ ಕೊಡುತ್ತಾಳೆ.

೧೪ ಜನವರಿ, ಸಂಕ್ರಮಣ

ಇದನ್ನು ಬರೆಯದೆ ಮಲಗಲಾರೆ.

ಎಳ್ಳು ಕೊಡಲು ಧೋಂಡಪ್ಪ ಬಂದಿದ್ದ. ಹರಿಪುರದಲ್ಲಿ ನಮ್ಮ ಪೇಟೆಯವರ ಹನ್ನೊಂದು ಪೇವು ನೋಡಿಕೊಳ್ಳುತ್ತಿದ್ದವನು. ತುಂಬುವುದು, ಮುಚ್ಚುವುದು, ತೆರೆದ ಮೇಲೆ ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ ನೋಡಿ, ದೀಪ ಉರಿದರೆ ಮಾತ್ರ ಮನುಷ್ಯನನ್ನು ಇಳಿಸುವುದು, ಎಲ್ಲ ಅವನದೇ. ಅಪ್ಪಣ್ಣ ಸತ್ತ ಮೇಲೆ ಅವನಿಗೆ ಯಾರೂ ಪೇವು ಕೊಟ್ಟಿಲ್ಲ.

ಹೊಸ್ತಿಲ ಹೊರಗೆ ನಿಂತು, ಚೀಟಿಯಲ್ಲಿ ಕಟ್ಟಿದ ಕುಸುರೆಳ್ಳು ಚಾಚಿ, "ಎಳ್ಳು ತೊಗೋರಿ ಆಯೀ" ಎಂದ.

ಅವ್ವನಿಗೆ ಎಪ್ಪತ್ತು. ಕಣ್ಣು ಮಸುಕು, ನಾಲಿಗೆ ಮಸುಕಾಗಿಲ್ಲ. "ನನ್ನ ಮಗನ್ನ ಮಣ್ಣಿಗಿ ಕೊಟ್ಟಾವನ ಕೈಲೆ ಎಳ್ಳು? ಒಂದ ದೀಪಾ ಬಿಡಾಕ ಆಗಲಿಲ್ಲ ನಿನಗ. ಹೊಟ್ಟಿ ಅಷ್ಟ ಹಸದಿತ್ತೇನೋ?"

ಧೋಂಡಪ್ಪ ಚೀಟಿಯನ್ನು ಕಟ್ಟೆಯ ಮೇಲಿಟ್ಟು ಹೋದ. ನಾನು ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆ. ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಎಳ್ಳು ಇರುವೆ ತಿಂದವು.

೧೬ ಜನವರಿ, ಗುರುವಾರ

ಎರಡನೆಯ ಗೆರೆ. ಪೇವು ಹೇಗಿರುತ್ತದೆ ಎಂದು ಕೇಳಿದರು. ಮಿರಜದಲ್ಲೇ ಹುಟ್ಟಿದವರು, ನೋಡಿಲ್ಲವಂತೆ. ಮೂರಾಳು ಆಳ, ಬಾಯಿ ಒಬ್ಬ ಇಳಿಯುವಷ್ಟು ಸಣ್ಣದು, ಹೊಟ್ಟೆ ದೊಡ್ಡದು, ಒಳಗೆ ಅರಿಷಿಣ ಹುಳ ಬೀಳದೆ ವರ್ಷಗಟ್ಟಲೆ ಇರುತ್ತದೆ, ಗಾಳಿ ಮಾತ್ರ ಕೆಟ್ಟು ವಿಷವಾಗುತ್ತದೆ ಎಂದೆಲ್ಲ ಹೇಳಿದೆ. ಹಳೆಯ ಅರಿಷಿಣ, ಹೊಸ ಅರಿಷಿಣ, ರಾಜಾಪುರಿ ತಳಿ... ಐದು ಹೊಡೆಯಿತು.

ಪಾಟಿ ಒರೆಸುತ್ತ, "ಅರಿಷಿಣ ಚೊಲೋ ಕಲತೆ ಕಾಕಾ. ಅಪ್ಪಣ್ಣ ಇನ್ನೂ ಗೊತ್ತಾಗ್ಲಿಲ್ಲ" ಎಂದರು.

೨೩ ಜನವರಿ, ಗುರುವಾರ

ಬೇಕೆಂದೇ ತಡ ಮಾಡಿದೆ. ಟಾಂಗಾದವನು ಗಡಿಬಿಡಿ ಮಾಡಿದರೆ, ಕುದುರೆಗೆ ದಣಿವಾಗಿದೆ ನಿಧಾನ ಹೊಡಿ ಎಂದೆ. ನಾಲ್ಕೂವರೆಗೆ ಹೋದೆ. ಐದಕ್ಕೆ ಅವರು ಎದ್ದು ನಿಂತರು.

"ಈಗಷ್ಟ ಬಂದೇನ್ರಿ" ಎಂದೆ.

"ತಡಾ ಮಾಡಿದ್ರ ತಾಸು ಉದ್ದ ಆಗೂದಿಲ್ಲ. ನನಗೂ ಬ್ಯಾಸರ ಆಗ್ತದ, ನಿಮ್ಮ ಮ್ಯಾಲೆ ಅಲ್ಲ, ಗಡಿಯಾರದ ಮ್ಯಾಲೆ." ಮೂರನೆಯ ಗೆರೆ ಹೋಯಿತು. ಈ ವಾರ ಒಮ್ಮೆ ಹರಿಪುರದ ದಾರಿ ಹಿಡಿಯಬೇಕಂತೆ. ಪೇವಿನವರೆಗೆ ಹೋಗುವುದು ಬೇಡ, ದಾರಿ ಹಿಡಿದರೆ ಸಾಕು.

ಮನೆಗೆ ಬಂದಾಗ ಅವ್ವ ಸುನಂದಾಳಿಗೆ ಹೇಳುತ್ತಿದ್ದಳು: "ಮಾತಾಡಾಕ ಮಿರಜಕ್ಕ ಹೋಗ್ತಾನಂತ. ಮನ್ಯಾಗ ಬಾಯಿ ಬಿಟ್ಟಿದ್ದ ನೋಡಿಯೇನವಾ?"

೨೬ ಜನವರಿ, ರವಿವಾರ

ಹೋದೆ. ಹುಣಸೆಮರಗಳ ಸಾಲಿನವರೆಗೆ ಕಾಲು ಬಂದವು. ಅಪ್ಪಣ್ಣ ಸಣ್ಣವನಿದ್ದಾಗ ಈ ದಾರಿಯಲ್ಲಿ ಹೆಗಲ ಮೇಲೆ ಕೂತು ಹುಣಸೆಕಾಯಿ ಹರಿಯುತ್ತಿದ್ದ. ನನಗಿಂತ ಹದಿನೆಂಟು ವರ್ಷ ಸಣ್ಣವನು. ಅಪ್ಪ ಹೋದಾಗ ಅವನಿಗೆ ಐದು. ನನ್ನ ಹೆಂಡತಿ ಮಕ್ಕಳಿಲ್ಲದೆ ತೀರಿಕೊಂಡಳು. ಅವನೇ ಮಗ, ಅವನೇ ತಮ್ಮ.

ಹೊಳೆಯ ಕಡೆಯಿಂದ ಧೋಂಡಪ್ಪ ಬಂದ. ತಲೆಯ ಮೇಲೆ ಉಸುಕಿನ ಬುಟ್ಟಿ. ಐವತ್ತು ದಾಟಿದವನು. ನೀರು ಕುತ್ತಿಗೆಗೆ ಇಳಿಯುತ್ತಿತ್ತು. ನನ್ನನ್ನು ನೋಡಿ, ಬುಟ್ಟಿ ಹೊತ್ತಿದ್ದರಿಂದ ಬಗ್ಗಲಾಗದೆ, ಕಣ್ಣಿನಲ್ಲೇ ನಮಸ್ಕಾರ ಮಾಡಿದ. ನಾನು ಮರದ ಕಡೆ ತಿರುಗಿ ನಿಂತೆ.

೩೦ ಜನವರಿ, ಗುರುವಾರ

ಅರ್ಧ ಮುಗಿಯಿತು. ಇನ್ನೆರಡು ಗುರುವಾರ ಹೆಚ್ಚಿಗೆ ಕೊಡಿ ಎಂದು ಕೇಳಿದೆ. ಮುಂಬೈಗೆ ಹೋಗುವುದನ್ನು ಮುಂದೆ ಹಾಕಬಹುದಲ್ಲ ಎಂದೆ. ಎಂಥ ಮಾತು, ಅವರ ಮುಖ ಸಣ್ಣದಾಯಿತು.

"ಕೊಡ್ಲಿಕ್ಕೆ ಬರೂದಿಲ್ಲ ಕಾಕಾ. ಕೊಟ್ರ ನೀವು ಅವೂ ಎರಡು ಅರಿಷಿಣದ ಮ್ಯಾಲೆ ಕಳೀತೀರಿ."

ಆಮೇಲೆ, "ಒಂದು ಮಾತು ಅನಲಿ? ಎಣ್ಣಿ ತೀರಿತ್ತು ಅಂತ ನೀವು ಇಲ್ಲೀತನಕ ಹನ್ನೊಂದು ಸರ್ತೆ ಹೇಳೀರಿ. ನಾ ಒಂದ ಸರ್ತೆನೂ ಕೇಳಿಲ್ಲ" ಎಂದರು.

ಮುಷ್ಟಿಯ ಮೇಲಿನ ಶಲ್ಯ ಸರಿಮಾಡಿಕೊಂಡೆ. ಅವರು ಅದನ್ನೂ ನೋಡಿದರು.

೩ ಫೆಬ್ರವರಿ

ಎಣ್ಣೆ ತೀರಿರಲಿಲ್ಲ.

೬ ಫೆಬ್ರವರಿ, ಗುರುವಾರ

ಹೇಳಿದೆ. ಗೋಡೆ ನೋಡುತ್ತ ಹೇಳಿದೆ. ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ, ನಾಳೆ ಮಾತು ತಿರುಗಿಸಬಾರದೆಂದು.

ಕಾರ್ತಿಕ ಹುಣ್ಣಿಮೆಯ ಮುಂಚಿನ ದಿನ. ಬೆಳಿಗ್ಗೆ ಧೋಂಡಪ್ಪ ಪೇವಿನ ಬಾಯಿ ತೆರೆದ. "ಗಾಳಿ ಆಡ್ಲಿ. ಉಂಡು ಬಂದು ದೀಪಾ ಬಿಡತೇನಿ" ಎಂದು ಮನೆಗೆ ಹೋದ. ಮುಂಬೈಯ ಗಿರಾಕಿ ಅಂಗಡಿಯಲ್ಲಿ ಕೂತಿದ್ದ. ಸಂಜೆಯ ಗಾಡಿಗೆ ಮೊದಲು ಮಾಲಿನ ಮಾದರಿ ಕೇಳಿದ್ದ. ನನಗೆ ತಡೆಯಲಾಗಲಿಲ್ಲ. ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ನಾನೇ ಇಳಿಸಿದೆ. ಎರಡು ಮೊಳ ಇಳಿಯುವುದರಲ್ಲಿ ಆರಿತು.

ಅಪ್ಪಣ್ಣ ಬಾಯಿಯ ಅಂಚಿನಲ್ಲಿ ಕೂತಿದ್ದ. "ಯಾಕ ಆರಿತಣ್ಣಾ?" ಎಂದ.

ಕಂದೀಲು ಮೇಲೆಳೆದೆ. ಕೈಯಲ್ಲಿ ಅದರ ಭಾರವಿತ್ತು. ಒಳಗೆ ಎಣ್ಣೆ ಕುಲುಕಿತು. ಕೈಗೆ ಗೊತ್ತಾಯಿತು. ಬಾಯಿ ಬೇರೆ ಹೇಳಿತು: "ಎಣ್ಣಿ ತೀರೇತಿ. ಈ ಕಂಟ್ರೋಲಿನ ದಿನದಾಗ ಎಣ್ಣಿ ಎಲ್ಲೈತಿ?"

ಅವನು ನಕ್ಕ. "ಹಂಗಾರ ನಾನ ದೀಪಾ. ಇಳಸು" ಎಂದ. ನಾನು ಹಗ್ಗ ಕೊಡುವ ಮೊದಲೇ ಒಳಗಿನ ಅರಿಷಿಣದ ಮೇಲೆ ಹಾರಿ ಇಳಿದೇ ಬಿಟ್ಟ.

ಕೂಗಿದೆ. ಉತ್ತರ ಬರಲಿಲ್ಲ. ಚೇಷ್ಟೆ ಎಂದುಕೊಂಡೆ. ಸಣ್ಣಂದಿನಿಂದ ಹಗೇವಿನಲ್ಲಿ, ಕಣಜದಲ್ಲಿ ಅಡಗಿ ಸುಮ್ಮನೆ ಕೂತು ನನ್ನನ್ನು ಹೆದರಿಸುವವನು. "ಸಾಕ ಮಾಡೋ ಮಂಗ್ಯಾ" ಎಂದೆ. ಇನ್ನಷ್ಟು ಹೊತ್ತು ನಿಂತೆ. ಎಷ್ಟು ಹೊತ್ತು ಎಂದು ಮಂದಾಬಾಯಿ ಕೇಳಿದರು. ಗೊತ್ತಿಲ್ಲ. ನಗುತ್ತ ನಿಂತಿದ್ದೆ, ಅದು ಗೊತ್ತು.

ಕೊನೆಗೆ ಹೆದರಿ ಕಿರಿಚಿದೆ. ಅದು ಕೇಳಿ ಧೋಂಡಪ್ಪ ಎಂಜಲು ಕೈಯಲ್ಲೇ ಓಡಿ ಬಂದ. ಒದ್ದೆ ಬಟ್ಟೆ ಮುಖಕ್ಕೆ ಸುತ್ತಿ, ಸೊಂಟಕ್ಕೆ ಹಗ್ಗ ಬಿಗಿದು, ಒಂದೇ ಉಸಿರಿನಲ್ಲಿ ಇಳಿದು ಅವನನ್ನು ಕಟ್ಟಿ ಮೇಲೆ ಬಂದ. ನಾಲ್ಕು ಮಂದಿ ಸೇರಿ ಎಳೆದರು. ನಾನು ಕಂದೀಲಿನ ಹಗ್ಗ ಹಿಡಿದೇ ನಿಂತಿದ್ದೆ. ಬೆರಳು ಬಿಡಿಸಲು ಆಗದೆ ಅವರು ಹಗ್ಗವನ್ನೇ ಕೊಯ್ದರು. ಆರಿದ ಕಂದೀಲು ನೋಡಿ, ದೀಪ ಬಿಟ್ಟೇ ಇಲ್ಲ ಎಂದು ಎಲ್ಲರೂ ತಿಳಿದರು.

ಮರುದಿನ ಅರಿಷಿಣ ಪೇಟೆಯ ಹಿರಿಯರು ಕೂತರು. ಗುರುಸಿದ್ಧಪ್ಪಕಾಕಾ ಎಲ್ಲರ ಮುಂದೆ ಕೇಳಿದರು: "ದೀಪಾ ಬಿಡೂದು ಪೇವಿನವನ ಕೆಲಸ. ಇಂವ ಬಿಡಲಿಲ್ಲ. ಹೌದಲ್ಲೋ ಮಹಾಲಿಂಗಾ?" ಧೋಂಡಪ್ಪ ತಲೆ ಬಗ್ಗಿಸಿದ್ದ. ನಾನು ಹೌದೆಂದು ತಲೆ ಅಲ್ಲಾಡಿಸಿದೆ. ಪೊಲೀಸ್ ಪಾಟೀಲನೂ ಹಾಗೇ ಬರೆದುಕೊಂಡ.

ಹೇಳಿ ಮುಗಿಸಿದಾಗ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮಂದಾಬಾಯಿ ನೀರು ಕೊಟ್ಟರು. ನೀನು ತಪ್ಪು ಮಾಡಿಲ್ಲ ಎಂದು ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಅದೇ ಒಳ್ಳೆಯದಾಯಿತು, ಅಂದಿದ್ದರೆ ಎದ್ದು ಬರುತ್ತಿದ್ದೆ.

"ಮೊದಲನೇ ದಿನ ಸೌದಾ ಮಾಡ್ಲಿಕ್ಕೆ ಬರಬೇಕು ಅಂದಿದ್ರಿ. ಅದ ಇಡೋಣೋ, ಬದಲು ಮಾಡೋಣೋ?"

ಲೋಟ ಖಾಲಿ ಮಾಡಿ ಕೆಳಗಿಟ್ಟೆ.

೭ ಫೆಬ್ರವರಿ

ನಿದ್ದೆ ಬಂದಿತ್ತು. ಅವನನ್ನು ಕಳಿಸಿ ನಿದ್ದೆ ಮಾಡುವ ಮನುಷ್ಯ ನಾನು.

೧೩ ಫೆಬ್ರವರಿ, ಗುರುವಾರ

ಇಪ್ಪತ್ತೇಳನೇ ತಾರೀಖು ಪೇಟೆಯವರು ಸೇರುತ್ತಾರೆ. ಹೊಸ ಅರಿಷಿಣದ ಮೊದಲ ಸೌದಾ ಅಂದೇ, ವರ್ಷದ ಪೇವು ಯಾರ ಕೈಗೆ ಎಂದು ಗೊತ್ತು ಮಾಡುವುದೂ ಅಂದೇ. ಗುರುಸಿದ್ಧಪ್ಪಕಾಕಾ ಕವಲಾಪುರದ ಒಬ್ಬನನ್ನು ನೋಡಿಟ್ಟಿದ್ದಾರೆ. ಅವನಿಗೆ ಹೋದರೆ ಧೋಂಡಪ್ಪನಿಗೆ ಮುಂದೆಂದೂ ಪೇವಿಲ್ಲ.

ಇದನ್ನು ಮಂದಾಬಾಯಿಗೆ ಹೇಳಿ, ಏನು ಮಾಡಲಿ ಎಂದು ಕೇಳಿದೆ.

"ನಾ ಹೇಳಿದ್ರ ಅದು ನನ್ನ ಕೆಲಸ ಆಗ್ತದ."

"ನೀವು ಕಲತಾವ್ರು. ನಾ ಸಾಲ್ಯಾಗ ನಾಕನೇ ಇಯತ್ತೆ ಅಷ್ಟ."

"ಅದಕ್ಕ ಎಷ್ಟನೇ ಇಯತ್ತೆ ಬೇಕು ಕಾಕಾ?" ಎಂದರು. ಒಮ್ಮೆ ಸಿಟ್ಟು ಬಂತು. ಟಾಂಗಾದಲ್ಲಿ ಬರುವಾಗ ನಗು ಬಂತು. ಯಾಕೆ ನಕ್ಕೆನೋ, ನಗುವ ಹಕ್ಕು ನನಗೆಲ್ಲಿದೆ.

ಅವರ ಪುಸ್ತಕದಲ್ಲಿ ಸೌದಾ ಎಂದು ಬರೆದದ್ದನ್ನು ಹೊಡೆದು, ಧೋಂಡಪ್ಪ ಎಂದು ನನ್ನ ಮುಂದೆಯೇ ಬರೆದರು.

೧೮ ಫೆಬ್ರವರಿ, ಶಿವರಾತ್ರಿ

ಬೆಳಿಗ್ಗೆ ಪೂಜೆ ಬೇಗ ಮುಗಿಯಿತು. ಉಪವಾಸ. ಅವ್ವನಿಗೆ ಬಾಳೆಹಣ್ಣು ಸುಲಿದು ಕೊಟ್ಟೆ. ಅವಳು ಹಣ್ಣು ತಿನ್ನದೆ ನನ್ನನ್ನೇ ನೋಡುತ್ತ ಕೂತಳು. ಯಾಕೆ ಎಂದೆ. "ಏನಿಲ್ಲೋ, ಸುಮ್ಮನ" ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಬ್ಬದ ದಿನ ಅವನ ನೆನಪಾಗಿರಬೇಕು.

ನಾಳೆ ಹರಿಪುರಕ್ಕೆ ಹೋಗುತ್ತೇನೆ. ಬರೆದಿಟ್ಟರೆ ಹೋದೇನು.

೧೯ ಫೆಬ್ರವರಿ

ಹೋದೆ. ಧೋಂಡಪ್ಪ ಅಂಗಳದಲ್ಲಿ ಕೂತು ಹರಿದ ಬುಟ್ಟಿಗೆ ಕಟ್ಟು ಹಾಕುತ್ತಿದ್ದ. ಕಂಬಳಿ ಹಾಸಿದ.

"ಬರ್ರಿ ಸಾವಕಾರ್ರ. ಬೈಯಾಕ ಬಂದಿದ್ರ ಕುಂತ ಬೈರಿ."

ಬೇರೆ ದಾರಿ ಕಾಣದೆ, ಪೇಟೆಯಲ್ಲಿ ಮಾಡುವ ಹಾಗೆ ಅವನ ಬಲಗೈ ತೆಗೆದುಕೊಂಡು ನನ್ನ ಶಲ್ಯ ಹಾಕಿದೆ. ಶಲ್ಯದ ಕೆಳಗೆ ಆದ ಮಾತು ತಿರುಗುವುದಿಲ್ಲವಲ್ಲ. ಅವನು ಬೆರಗಾಗಿ ಕೂತ. ಅವನ ಬೆರಳು ಒಂದೊಂದಾಗಿ ಒತ್ತುತ್ತ ಮೆಲ್ಲಗೆ ಹೇಳಿದೆ. ದೀಪ ನಾನು ಬಿಟ್ಟಿದ್ದೆ. ಆರಿತ್ತು. ಎಣ್ಣೆ ಇತ್ತು. ಗೊತ್ತಿತ್ತು.

ಬಹಳ ಹೊತ್ತು ಅವನು ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಶಲ್ಯವನ್ನೇ ಕಿತ್ತು ನೆಲಕ್ಕೆ ಒಗೆದ.

"ಮೂರ ತಿಂಗಳಾತ್ರಿ. ದಿನಾ ಊಟಕ್ಕ ಕುಂತ್ರ ಅಪ್ಪಣ್ಣಾವ್ರು ಕಾಣ್ತಾರ. ಬಾಯಿ ತೆರದ ಪೇವು ಬಿಟ್ಟು ಉಣ್ಣಾಕ ಹೋಗಿದ್ನಲ್ಲ, ಅದಕ್ಕ ಹ್ವಾದ್ರು ಅಂದ್ಕೊಂಡೆ. ನಿಮ್ಮವ್ವ ಅಂದಿದ್ದು ಖರೆ ಅಂದ್ಕೊಂಡೆ. ನನ್ನ ಹೆಂಡತಿ ನೀಡಿದ ರೊಟ್ಟಿ ಮಣ್ಣ ಆಗಿ ಹೋಗೈತಿ."

ನಾನು ತಲೆ ಬಗ್ಗಿಸಿದೆ.

"ಮೂರ ತಿಂಗಳ ಅನ್ನಾ ಯಾರು ತಿರಗಿ ಕೊಡ್ತಾರ? ಹೇಳ್ರಿ."

"ತಪ್ಪಾತು ಧೋಂಡಪ್ಪಾ."

"ಯಾರ ಮುಂದ ಹೇಳಾಕತ್ತೀರಿ? ಈ ಬುಟ್ಟಿ ಮುಂದ? ಕಲ್ಲು ನನ್ನ ಕೊರಳಿಗಿ ನಾಕ ಮಂದಿ ಮುಂದ ಕಟ್ಟೀರಿ. ಶಲ್ಯದ ಕೆಳಗ ಬಿಚ್ಚತೀರೇನು?"

ಶಲ್ಯ ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಅದರ ಮಣ್ಣು ಕೊಡವಲಿಲ್ಲ.

೨೦ ಫೆಬ್ರವರಿ, ಗುರುವಾರ

ಏಳನೆಯದು. ಎಲ್ಲ ಹೇಳಿದೆ. ಧೋಂಡಪ್ಪ ಅಂದದ್ದನ್ನು ಅವನ ಮಾತಿನಲ್ಲೇ ಹೇಳಿದೆ. ಮಂದಾಬಾಯಿ ಪುಸ್ತಕ ಮುಚ್ಚಿಟ್ಟರು.

ಪೇಟೆಯ ಸಭೆಯೂ ಇಪ್ಪತ್ತೇಳಕ್ಕೆ ನಾಲ್ಕು ಗಂಟೆಗೇ. ಎಂಟನೆಯ ಗೆರೆಯೂ ಅದೇ ಹೊತ್ತಿಗೆ. ಬೇರೆ ದಿನ ಕೊಡಿ ಎಂದು ಕೇಳಬೇಕೆಂದು ಬಾಯಿವರೆಗೆ ಬಂತು. ಕೇಳಲಿಲ್ಲ.

ಅವರೇ ಅಂದರು: "ನಾ ನಾಲ್ಕರಿಂದ ಐದು ಇಲ್ಲೇ ಕುಂತಿರ್ತೀನಿ. ನೀವು ಬಂದ್ರ ಮಾತಾಡೋಣು. ಬರಲಿಲ್ಲಂದ್ರ ಎಲ್ಲಿ ಇದ್ದೀರಿ ಅಂತ ನನಗ ತಿಳೀತದ."

"ಹಂಗಾರ ಇದ ಕಡೀದ ಆಗಬಹುದು."

"ಆಗಬಹುದು."

ಬಾಗಿಲಲ್ಲಿ ನಿಂತು, ಮದುವೆಗೆ ಕರಿ ತಂಗಿ, ಅರಿಷಿಣ ನನ್ನದು ಎಂದೆ. ಅವರು ನಕ್ಕು, "ಮೊದಲು ಹುಡುಗನ್ನ ಹುಡುಕ್ರಿ ಕಾಕಾ, ಅರಿಷಿಣ ಆಮ್ಯಾಲೆ" ಎಂದರು. ಕಣ್ಣು ಒದ್ದೆಯಾಗಿತ್ತು. ಅವರದೋ ನನ್ನದೋ.

೨೬ ಫೆಬ್ರವರಿ

ಸುನಂದಾಳಿಗೆ ಮೊದಲು ಹೇಳಬೇಕು. ಮೂರು ಸಲ ಅಡುಗೆಮನೆಯ ಬಾಗಿಲಿಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬೇಕಾ ನೀರು ಬೇಕಾ ಎಂದು ಕೇಳಿದಳು. ನೀರು ಕುಡಿದು ಬಂದೆ.

೨೭ ಫೆಬ್ರವರಿ, ಗುರುವಾರ

ಪೇಟೆ ತುಂಬಿತ್ತು. ಹೊಸ ಅರಿಷಿಣದ ಚೀಲಗಳ ನಡುವೆ ಮೂವತ್ತು ಮಂದಿ. ಧೋಂಡಪ್ಪ ದೂರ ಕಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದ. ಬಾ ಎಂದು ನಾನೇ ಹೇಳಿ ಕಳಿಸಿದ್ದೆ.

ಗುರುಸಿದ್ಧಪ್ಪಕಾಕಾ ಮೊದಲು ಪೇವಿನ ಮಾತು ತೆಗೆದರು. ಕವಲಾಪುರದವನನ್ನು ಮುಂದೆ ಕರೆದರು. ಗಡಿಯಾರ ನಾಲ್ಕು ದಾಟಿತ್ತು. ಮಿರಜದಲ್ಲಿ ಮಂದಾಬಾಯಿ ಕುರ್ಚಿ ಎಳೆದು ಕೂತಿರುತ್ತಾರೆ ಎಂದುಕೊಂಡೆ. ಎದ್ದು ನಿಂತೆ.

"ಕಾಕಾ, ಒಂದ ಮಾತೈತಿ."

"ಸೌದಾದ್ದ ಆದ್ರ ಹತ್ತರ ಬಾ, ಶಲ್ಯಾ ಹಾಕು."

"ಶಲ್ಯಾ ಬ್ಯಾಡ್ರಿ. ಎಲ್ಲಾರೂ ಕೇಳ್ರಿ."

ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೋ, ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ನಿಂತರು. ಆರಿದ್ದು, ಎಣ್ಣೆ ಇದ್ದದ್ದು, ತೀರಿದೆ ಎಂದು ನಾನೇ ಅಂದದ್ದು, ತಲೆ ಅಲ್ಲಾಡಿಸಿದ್ದು, ಎಲ್ಲ.

ಗುರುಸಿದ್ಧಪ್ಪಕಾಕಾ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಸತ್ತಾವ ಸತ್ತ. ಇದನ್ನ ಈಗ್ಯಾಕ ಕೆದರತಿಯೋ? ಪಾಟೀಲನ ಕಾಗದದ ಮ್ಯಾಲೆ ನಾವೆಲ್ಲಾ ಸಹಿ ಮಾಡೇವಿ" ಎಂದರು.

"ಅದಕ್ಕರೀ ಕಾಕಾ. ನಾಳೆ ಪಾಟೀಲನ ಕಡೆನೂ ಹೋಗಾವ ಅದೇನಿ."

ಹಿಂದಿನಿಂದ ಯಾರೋ "ತಮ್ಮನ್ನ ತಾನ ಇಳಿಸ್ಯಾನ" ಎಂದರು. ಯಾರೆಂದು ತಿರುಗಿ ನೋಡಲಿಲ್ಲ. ಸುಳ್ಳೇನಲ್ಲವಲ್ಲ.

ಒಂದು ತಾಸು ಗದ್ದಲ. ಕೊನೆಗೆ ಇತ್ಯರ್ಥ ಮಾಡಿದರು. ಹನ್ನೊಂದು ಪೇವೂ ಧೋಂಡಪ್ಪನಿಗೆ. ಮೂರು ವರ್ಷ ನನ್ನ ಜೊತೆ ಯಾರೂ ಸೌದಾಕ್ಕೆ ಕೂರಬಾರದು. ನನ್ನ ಶಲ್ಯದ ಕೆಳಗೆ ಯಾರೂ ಕೈ ಇಡಬಾರದು. ಮೊದಲನೆಯ ಗುರುವಾರ ನಾನು ಕೇಳಿದ್ದು ಸೌದಾ ಒಂದನ್ನೇ, ಅದೇ ಹೋಯಿತು. ಅದನ್ನು ನೆನೆದದ್ದು ಈಗ ಬರೆಯುವಾಗ.

ಧೋಂಡಪ್ಪ ನನ್ನ ಹತ್ತಿರ ಬರಲಿಲ್ಲ. ಹೋಗುವಾಗ ಕಟ್ಟೆಯ ಕೆಳಗಿನಿಂದಲೇ ಅಂದ: "ಇನ್ನಮ್ಯಾಲೆ ನಾ ಇಲ್ಲದಾಗ ನನ್ನ ಕಂದೀಲಿಗಿ ಕೈ ಹಚ್ಚಬ್ಯಾಡ್ರಿ ಸಾವಕಾರ್ರ." ಅಷ್ಟೇ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸುನಂದಾ ನಡುಮನೆಯಲ್ಲಿ ನಿಂತಿದ್ದಳು. ಹಿಂದೆಂದೂ ನನ್ನ ಮುಖ ನೋಡಿ ಮಾತಾಡಿದವಳಲ್ಲ. ಇವತ್ತು ನೋಡಿದಳು.

"ಎಣ್ಣಿ ಇತ್ತೇನ್ರಿ ಭಾವಾರ?"

"ಇತ್ತವಾ."

"ಇಳಿಯೂ ಮುಂದ ಏನರ ಅಂದ್ರೇನ್ರಿ ಅವರು?"

ಹೇಳಿದೆ. ಹಂಗಾರ ನಾನ ದೀಪಾ, ಅಂದ ಎಂದೆ. ಅವಳು ಆ ಮಾತನ್ನು ತನ್ನೊಳಗೇ ಒಮ್ಮೆ ಅಂದುಕೊಂಡಳು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಅವಳು ಅತ್ತದ್ದು ಕೇಳಿಸಿತು. ಇಷ್ಟು ದಿನ ಅವಳು ಸದ್ದು ಮಾಡಿ ಅತ್ತಿರಲಿಲ್ಲ.

೧ ಮಾರ್ಚ್, ಶನಿವಾರ

ನಿನ್ನೆ ಪಾಟೀಲನಲ್ಲಿಗೆ ಹೋಗಿ ಬಂದೆ. ಮೇಲಿನವರಿಗೆ ಬರೆಯಬೇಕಾಗುತ್ತದೆ, ಕರೆದಾಗ ಬರಬೇಕು ಎಂದ. ಬರುತ್ತೇನೆ ಎಂದೆ. ಹೇಳಿಕೆಯ ಕೆಳಗೆ ಸಹಿ ಮಾಡಿಸಿಕೊಂಡ.

ಮಿರಜದಿಂದ ಟಾಂಗಾದವನು ಒಂದು ಗಂಟು ತಂದುಕೊಟ್ಟ. ಬಿಚ್ಚಿದರೆ ಪಾಟಿ. ಒಂದು ಗೆರೆ ಹಾಗೇ ಇದೆ. ಕೆಳಗೆ ವಕ್ರ ವಕ್ರ ಕನ್ನಡದಲ್ಲಿ ಬರೆದಿದ್ದಾರೆ: "ಐದರ ತನಕ ಕುಂತಿದ್ದೆ ಕಾಕಾ. ನೀವು ಬರಲಿಲ್ಲ. ಭಾಳ ಸಂತೋಷ ಆತು." ಎಡಗೈಯಲ್ಲಿ ಬರೆದಾಗ ನನ್ನ ಅಕ್ಷರವೂ ಹೀಗೇ ಇತ್ತು. ದೇವರ ಮಾಡದಲ್ಲಿ ಇಟ್ಟಿದ್ದೇನೆ. ಗೆರೆ ಒರೆಸಲು ಮನಸ್ಸಾಗಲಿಲ್ಲ.

ಎರಡು ದಿನ ಅವ್ವ ನೀಡಿದಳು. ಇವತ್ತು ಮಧ್ಯಾಹ್ನ ಸುನಂದಾ ತಾಟು ತಂದಿಟ್ಟಳು. ರೊಟ್ಟಿ ಮುರಿದಿರಲಿಲ್ಲ, ಚೂರು ಮಾಡಿರಲಿಲ್ಲ. ಇಡಿಯ ರೊಟ್ಟಿಯನ್ನು ತಾಟಿನಲ್ಲಿ ಹಾಕಿ, ಪಲ್ಯ ಪಕ್ಕದಲ್ಲಿ ಬಡಿಸಿ, ಎದುರಿಗೆ ನಿಂತಳು. ಇನ್ನು ಮೇಲೆ ನನಗೆ ತುತ್ತು ಮಾಡಿ ಕೊಡಲಾರಳು. ಅದು ನ್ಯಾಯವೇ. ಯಾವ ಮುಖದಿಂದ ಕೇಳಲಿ?

ತಲೆ ಬಗ್ಗಿಸಿ ರೊಟ್ಟಿಯನ್ನು ಎರಡೂ ಕೈಯಿಂದ ಮುರಿದು ತಿಂದೆ. ಬಲಗೈ ಎಂದು ಬಿಚ್ಚಿತೋ, ನನಗೇ ತಿಳಿದಿರಲಿಲ್ಲ. ಮುಗಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಇನ್ನೊಂದು ರೊಟ್ಟಿ ತಂದು ಹಾಕಿದಳು.